ಲೂರ್ದಮ್ಮನ ತಲೆಗೆ ಹುಯ್ದ ನೀರು

ಸಂಕ್ರಾಂತಿ ಕಳೆದ ಎರಡನೆಯ ಭಾನುವಾರ, ಬೆಳಗಿನ ಪೂಜೆ ಮುಗಿಯುವ ಹೊತ್ತಿಗೆ ಇದು ಶುರುವಾಯಿತು. ಇಸವಿ ಸಾವಿರದ ಒಂಬೈನೂರ ನಲವತ್ತಾರು. ಯುದ್ಧ ನಿಂತಿತ್ತು, ಅಕ್ಕಿಗೆ ಚೀಟಿ ಹಿಡಿದು ಸಾಲಿನಲ್ಲಿ ನಿಲ್ಲುವುದು ನಿಂತಿರಲಿಲ್ಲ. ಕಣಗಳಲ್ಲಿ ರಾಗಿ ಒಕ್ಕಣೆ ಇನ್ನೂ ನಡೆದಿತ್ತು. ಗುಡಿಯೊಳಗೆ ಕೂತಿದ್ದ ಅರ್ಧ ಜನರ ತಲೆಯಲ್ಲಿ ಹೊಟ್ಟು, ಇನ್ನರ್ಧ ಜನರ ಕಣ್ಣಲ್ಲಿ ನಿದ್ದೆ.

ನಮ್ಮ ಅರುಳಪ್ಪನಪಾಳ್ಯ ದೊಡ್ಡಬಳ್ಳಾಪುರದಿಂದ ಸಾಸಲು ಕಡೆಗೆ ಮೂರು ಗಂಟೆ ನಡಿಗೆ. ನಲವತ್ತು ಮನೆ ಕಥೋಲಿಕರು, ಹದಿನೈದು ಮನೆ ಒಕ್ಕಲಿಗರು. ಗುಡಿ ಸಂತ ಅಂತೋಣಿಯವರದು. ಗುಡಿಯ ಪಕ್ಕದಲ್ಲೇ ಸ್ವಾಮಿಗಳ ಮನೆ. ಆಗ ಇದ್ದ ಸ್ವಾಮಿಯವರು ಹೊಸಬರು, ಬಂದು ಆರು ತಿಂಗಳಾಗಿತ್ತು. ಒಳ್ಳೆಯವರೇ. ಆದರೆ ಕೈಗೆಟಕುವ ಕಡೆ ಯಾವಾಗಲೂ ಒಂದು ದಪ್ಪ ಲತೀನ ಪುಸ್ತಕ ಇರುತ್ತಿತ್ತು. ತಿರುಸಭೆಯ ಕಾನೂನೆಲ್ಲ ಅದರಲ್ಲಿದೆ ಎಂದು ಊರಿನ ಮಕ್ಕಳಿಗೆ ಜ್ಞಾನೋಪದೇಶ ಕಲಿಸುವ ಉಪದೇಶಿ ಲಾಜರಪ್ಪ ನಮಗೆ ಹೇಳಿದ್ದರು. ಹಳೆಯ ಸ್ವಾಮಿಗಳ ಬಳಿಯೂ ಆ ಪುಸ್ತಕ ಇತ್ತಂತೆ, ಅವರು ಅದನ್ನು ಕಿಟಕಿ ಗಾಳಿಗೆ ಹೊಡೆದುಕೊಳ್ಳದಂತೆ ಒತ್ತಿಗೆ ಇಡುತ್ತಿದ್ದರು.

ನಮ್ಮಲ್ಲಿ ಮದುವೆ ಗೊತ್ತಾದರೆ ಮೂರು ಭಾನುವಾರ ಗುಡಿಯಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಾರೆ. ಇವರ ಮದುವೆಗೆ ಏನಾದರೂ ತಡೆ ಇರುವುದು ಗೊತ್ತಿದ್ದವರು ಮುಚ್ಚಿಡದೆ ಬಂದು ತಿಳಿಸಬೇಕು ಎಂದು ಕೊನೆಗೆ ಹೇಳುತ್ತಾರೆ. ನನಗೆ ಬುದ್ಧಿ ಬಂದಾಗಿನಿಂದ ಯಾರೂ ಬಂದು ತಿಳಿಸಿದ್ದಿಲ್ಲ. ಗೊತ್ತಿದ್ದದ್ದನ್ನು ನಮ್ಮ ಜನ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಾರೆಯೇ ಹೊರತು ಸ್ವಾಮಿಗಳಿಗೆ ಹೇಳುವುದಿಲ್ಲ.

ಆ ಭಾನುವಾರ ಮೊದಲ ಸಲ ಓದಿದ್ದು ಇನ್ನಾಸಪ್ಪ, ಲೂರ್ದಮ್ಮ ಇವರ ಹೆಸರು.

ಇನ್ನಾಸಪ್ಪ ನನ್ನ ಜೊತೆಯವನು, ಇಬ್ಬರಿಗೂ ಇಪ್ಪತ್ತಾರು. ತಾಯಿಯಿಲ್ಲದವನು, ಚಿಕ್ಕಪ್ಪನ ಮನೆಯಲ್ಲಿ ಬೆಳೆದವನು. ಒಕ್ಕಲಿಗರ ಮುನಿವೆಂಕಟಪ್ಪನವರ ಹೊಲವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಟ್ಟು, ಮಾಡುತ್ತಿದ್ದ. ಸ್ವಂತದ್ದು ಅಂತ ಒಂದು ಜೊತೆ ಎತ್ತು. ಲೂರ್ದಮ್ಮ ಹದಿನೇಳರ ಹುಡುಗಿ. ಅವಳ ಅಪ್ಪ ರಾಯಪ್ಪನಿಗೆ ನಾಲ್ಕು ಎಕರೆ ಭೂಮಿ, ಒಂದು ಬಾವಿ, ಅದಕ್ಕೆ ತಕ್ಕ ಮೀಸೆ. ರಾಯಪ್ಪನ ಮನಸ್ಸು ಇದ್ದದ್ದು ಬೆಂಗಳೂರಿನ ಸಂದ್ಯಾಗಪ್ಪ ಎನ್ನುವವನ ಮೇಲೆ. ಅವನು ಔಷಧದಂಗಡಿಯಲ್ಲಿ ಕಾಂಪೌಂಡರು. ಹುಡುಗಿ ನೋಡಲು ಬಂದಾಗ ಪ್ಯಾಂಟು ಹಾಕಿಕೊಂಡು ಬಂದಿದ್ದ. ಚಾಪೆಯ ಮೇಲೆ ಕೂರಲಾಗದೆ ನಿಂತೇ ಕಾಫಿ ಕುಡಿದು ಹೋಗಿದ್ದ.

ಇನ್ನಾಸಪ್ಪನೇ ಆಗಬೇಕು ಎಂದು ಪಟ್ಟು ಹಿಡಿದವಳು ರಾಯಪ್ಪನ ತಾಯಿ, ಆರೋಗ್ಯಮ್ಮಜ್ಜಿ. ಊರಿಗೆಲ್ಲ ಸೂಲಗಿತ್ತಿ. ನಮ್ಮವರ ಮನೆ, ಒಕ್ಕಲಿಗರ ಮನೆ ಎನ್ನದೆ ಆಗ ಊರಲ್ಲಿ ನಡೆದಾಡುತ್ತಿದ್ದ ಎಲ್ಲರನ್ನೂ ಮೊದಲು ಮುಟ್ಟಿದ್ದು ಅವಳ ಕೈಯೇ. ಲೂರ್ದಮ್ಮ ಹುಟ್ಟಿದಾಗಿನಿಂದ ಅಜ್ಜಿಗೆ ಇದೊಂದೇ ಆಸೆ. ರಾಯಪ್ಪ ಒಂದು ವರ್ಷ ಒಲ್ಲೆ ಎಂದು, ಕಡೆಗೆ ಒಪ್ಪಿದ್ದ. ಒಪ್ಪಲು ಅವನು ಕೊಟ್ಟುಕೊಂಡ ಕಾರಣ ಬೇರೆ. ನಮ್ಮಲ್ಲಿ ಅತ್ತೆಯ ಮಗ, ಮಾವನ ಮಗಳು ಮದುವೆಯಾಗಬೇಕಾದರೆ ಬೆಂಗಳೂರಿನ ಮೇತ್ರಾಣಿಗಳಿಂದ, ಅಂದರೆ ಬಿಷಪ್ಪರಿಂದ, ಅಪ್ಪಣೆಯ ಕಾಗದ ಬರಬೇಕು. ಇವರಿಬ್ಬರಿಗೆ ಯಾವ ರಕ್ತ ಸಂಬಂಧವೂ ಇಲ್ಲ, ಕಾಗದದ ಗೊಡವೆಯೇ ಇಲ್ಲ ಎಂದು ರಾಯಪ್ಪ ಹೇಳಿಕೊಂಡು ತಿರುಗುತ್ತಿದ್ದ. ಮದುವೆ ಫೆಬ್ರವರಿ ಹದಿಮೂರಕ್ಕೆ ಎಂದಾಯಿತು. ಆದರೂ ಒಂದು ಷರತ್ತು ಹಾಕಿದ್ದ. ತಪಸ್ಸಿನ ಕಾಲ ಹತ್ತಿರ ಬರುತ್ತಿದೆ, ಆ ನಲವತ್ತು ದಿನ ನಮ್ಮಲ್ಲಿ ಮದುವೆ ಮಾಡುವುದಿಲ್ಲ. ಅದು ಶುರುವಾಗುವ ಬೂದಿ ಬುಧವಾರದೊಳಗೆ ತಾಳಿ ಕಟ್ಟಿದರೆ ಇನ್ನಾಸಪ್ಪ, ಇಲ್ಲವಾದರೆ ಅದು ಮುಗಿಯುವ ಪಾಸ್ಕ ಹಬ್ಬ ಆದ ಮೇಲೆ ಕಾಂಪೌಂಡರು. ಕಾಯುತ್ತಾ ಕೂರಲು ಹೆಣ್ಣು ಮಗು ಉಪ್ಪಿನಕಾಯಿ ಅಲ್ಲ ಎಂದಿದ್ದ.

ಪೂಜೆ ಮುಗಿದು ಜನ ಬಾಗಿಲ ಹೊರಗೆ ನಿಂತಾಗ, ಬಾವಿಕಟ್ಟೆಯ ಮಾತಿನಲ್ಲಿ ಎಲ್ಲರಿಗಿಂತ ಮುಂದಿದ್ದ ಮದಲೇನಮ್ಮ, ಅಜ್ಜಿಗೆ ಕೇಳಲಿ ಎಂದೇ, ನಾಲ್ಕು ಎಕರೆಯವರು ಎರಡು ಎತ್ತಿನವನಿಗೆ ಕೊಡುತ್ತಿದ್ದಾರಲ್ಲ ಎಂದಳು. ಅಜ್ಜಿ ನೇರವಾಗಿ ಸ್ವಾಮಿಗಳ ಹತ್ತಿರ ಹೋದಳು. ಎಲ್ಲರಿಗೂ ಕೇಳಬೇಕಾದ ಮಾತನ್ನು ದೊಡ್ಡವರೊಬ್ಬರಿಗೆ ಹೇಳುವುದು ಅವಳ ರೀತಿ.

"ಸ್ತೋತ್ರ ಸಾಮಿ. ಇದು ನಾವು ನೀವು ಗೊತ್ತು ಮಾಡಿದ್ ಮದ್ವೆ ಅಲ್ಲ. ಸರ್ವೇಶ್ವರ ಗೊತ್ತು ಮಾಡಿದ್ದು," ಎಂದು ಶುರು ಮಾಡಿದಳು.

ಊರಿಗೆಲ್ಲ ಬಾಯಿಪಾಠವಾಗಿದ್ದ ಕತೆ ಅದು. ಸ್ವಾಮಿಗಳು ಮಾತ್ರ ಹೊಸಬರು. ಲೂರ್ದಮ್ಮ ಹುಟ್ಟುವಾಗ ಕಷ್ಟವಾಗಿತ್ತು. ತಾಯಿ ಅನ್ನಮ್ಮನಿಗೆ ಎಚ್ಚರ ತಪ್ಪಿತ್ತು, ಮಗು ನೀಲಿಗಟ್ಟಿತ್ತು, ಅಳಲಿಲ್ಲ. ಆಗಿನ ಸ್ವಾಮಿಗಳು ಬೇರೆ ಊರಿನ ಪೂಜೆಗೆ ಹೋಗಿದ್ದರು, ಉಪದೇಶಿ ಸಂತೆಗೆ. ಜ್ಞಾನಸ್ನಾನ ಇಲ್ಲದೆ ಮಗು ಹೋಗಿಬಿಡಬಾರದು ಎಂದು ಅಜ್ಜಿ ಇನ್ನಾಸಪ್ಪನನ್ನು ಕರೆಸಿದಳು. ಒಂಬತ್ತು ವರ್ಷದ ಹುಡುಗ. ಆದರೆ ಜ್ಞಾನೋಪದೇಶದಲ್ಲಿ ಎಲ್ಲರಿಗಿಂತ ಮುಂದು, ಆ ವರ್ಷ ಬಹುಮಾನವಾಗಿ ಸಂತ ಅಂತೋಣಿಯವರ ಪಟ ತೆಗೆದುಕೊಂಡಿದ್ದ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಎನ್ನುವ ಪಾಠ ಆ ವಾರವೇ ಆಗಿತ್ತು. ಹುಡುಗ ಬಂದ, ಚೊಂಬಿನಿಂದ ತಲೆಗೆ ನೀರು ಹುಯ್ದ, ಪಿತ ಸುತ ಪವಿತ್ರಾತ್ಮರ ಹೆಸರು ಹೇಳಿದ. ಮಗು ಕೆಮ್ಮಿತು, ಅತ್ತಿತು.

"ನೀರು ಹುಯ್ದ ಕೈನೇ ಈಗ ತಾಳಿ ಕಟ್ತದೆ ಸಾಮಿ. ಇದಕ್ಕಿಂತ ಹೆಚ್ಗೆ ಏನ್ ಬೇಕು," ಎಂದು ಮುಗಿಸಿ, ಮದಲೇನಮ್ಮನ ಕಡೆ ತಿರುಗಿ ನೋಡಿದಳು.

ಸ್ವಾಮಿಗಳು ಮೊದಲು ನಗುತ್ತಾ ಕೇಳುತ್ತಿದ್ದರು. ಹುಡುಗ ನೀರು ಹುಯ್ದ ಎನ್ನುವಲ್ಲಿ ನಗು ನಿಂತಿತು. ಮಧ್ಯಾಹ್ನ ರಾಯಪ್ಪನಿಗೂ ಇನ್ನಾಸಪ್ಪನಿಗೂ ಹೇಳಿಕಳುಹಿಸಿದರು. ಇನ್ನಾಸಪ್ಪ ನನ್ನನ್ನೂ ಕರೆದುಕೊಂಡು ಹೋದ. ಜಗಲಿಯ ಮೇಲೆ ಆ ದಪ್ಪ ಪುಸ್ತಕ ಬಿಚ್ಚಿಕೊಂಡಿತ್ತು.

ಅವರು ಹೇಳಿದ್ದು ಇಷ್ಟು. ಜ್ಞಾನಸ್ನಾನ ಕೊಟ್ಟವನಿಗೂ ತೆಗೆದುಕೊಂಡವರಿಗೂ ಆತ್ಮದಲ್ಲಿ ಒಂದು ಸಂಬಂಧ ಹುಟ್ಟುತ್ತದೆ, ತಂದೆ ಮಕ್ಕಳ ಹಾಗೆ. ಕೊಟ್ಟವನು ಒಂಬತ್ತು ವರ್ಷದವನಾದರೂ ಸರಿ, ಅರ್ಚಕನಲ್ಲದಿದ್ದರೂ ಸರಿ. ಆ ಸಂಬಂಧ ಇರುವವರು ಮದುವೆಯಾದರೆ ಅದು ಮದುವೆಯೇ ಅಲ್ಲ. ಇದನ್ನು ಬಿಡಿಸಬೇಕಾದರೆ ಮೇತ್ರಾಣಿಗಳ ಕಾಗದ ಬೇಕು.

ರಾಯಪ್ಪ ಇನ್ನಾಸಪ್ಪನನ್ನು ಮೇಲಿಂದ ಕೆಳಗೆ ನೋಡಿದ. ಆಮೇಲೆ ಕೇಳಿದ: "ಅಂದ್ರೆ ಇವನೀಗ ನನ್ ಮಗಳಿಗೆ ಅಪ್ಪನಾ? ಹಂಗಾದ್ರೆ ನಾನ್ ಯಾರು ಸಾಮಿ?"

ಬರೆಯುತ್ತೇನೆ, ಕಾಗದ ಸಾಮಾನ್ಯವಾಗಿ ಸಿಗುತ್ತದೆ, ತಾಳಿರಿ ಎಂದರು ಸ್ವಾಮಿಗಳು. ಮುಂದಿನ ಭಾನುವಾರ ಹೆಸರು ಓದಲಿಲ್ಲ. ಓದದೆ ಇದ್ದದ್ದು ಓದಿದ್ದಕ್ಕಿಂತ ಜೋರಾಗಿ ಊರಿಗೆ ಕೇಳಿಸಿತು.

ಮುನಿವೆಂಕಟಪ್ಪನವರು ಇದನ್ನು ನನ್ನಿಂದ ಎರಡು ಸಲ ಹೇಳಿಸಿದರು. ಅವರ ಹೆಂಡತಿ ಅವರ ಸ್ವಂತ ಅಕ್ಕನ ಮಗಳು. ಅವರಿಗೆ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ, ಅರ್ಥವಾದದ್ದು ನಂಬಿಕೆಗೆ ಬರಲಿಲ್ಲ.

"ಅಲ್ಲ ಕಣೋ ಚೌರಿ, ರಕ್ತ ಸಂಬಂಧ ಇದ್ರೆ ಕಾಗದ ಬೇಕು ಅಂತೀರಿ, ಸರಿ. ಇಲ್ದಿದ್ರೂ ಕಾಗದ ಬೇಕು ಅಂದ್ರೆ ಹೆಂಗೋ? ಒಂದ್ ಚೊಂಬು ನೀರು ಹುಯ್ದೋನು ಅಪ್ಪ ಆಗಂಗಿದ್ರೆ ನಾನು ಬದನೆ ಮಡಿಗೆಲ್ಲ ಅಪ್ಪನೇ. ನಾಳೆಯಿಂದ ಎಣ್ಗಾಯಿ ತಿನ್ನಂಗಿಲ್ವಾ?" ಎಂದರು. ಇನ್ನಾಸಪ್ಪ ನೇಗಿಲಿನ ಹಿಂದೆ ಬರುತ್ತಿದ್ದ. ಅವನು ನಗಲಿಲ್ಲ.

ಫೆಬ್ರವರಿ ಹದಿಮೂರಕ್ಕೆ ಎಂದು ಇಟ್ಟುಕೊಂಡಿದ್ದ ದಿನವೂ ಬಂದು ಹೋಯಿತು. ಅದಕ್ಕೆಂದು ಕಟ್ಟಿ ಮೇಯಿಸಿದ್ದ ಎರಡು ಕುರಿಗಳು ಇನ್ನಷ್ಟು ಮೇಯ್ದವು. ಬೆಂಗಳೂರಿನಿಂದ ಉತ್ತರವಿಲ್ಲ. ರಾಯಪ್ಪ ದಿನಕ್ಕೆರಡು ಸಲ ಸ್ವಾಮಿಗಳ ಮನೆ ಮುಂದೆ ಹಾದುಹೋಗಿ ಕೆಮ್ಮುತ್ತಿದ್ದ. ಆ ಕೆಮ್ಮು ತಡೆಯಲಾರದೆಯೋ ಏನೋ, ಸ್ವಾಮಿಗಳು ಮತ್ತೆ ಪುಸ್ತಕ ತೆರೆದರು. ಅದರಲ್ಲಿ ಒಂದು ಒಳದಾರಿ ಕಂಡಿತು. ಹುಡುಗ ಕೊಟ್ಟ ಜ್ಞಾನಸ್ನಾನ ಸರಿಯಾಗಿ ಆಗಿತ್ತೇ? ನೀರು ತಲೆಯ ಮೇಲೆ ಹರಿಯುತ್ತಿರುವಾಗಲೇ ಮಾತು ಹೇಳಬೇಕು, ಒಂದು ಮಾತೂ ಬಿಡಬಾರದು. ಎಲ್ಲಾದರೂ ತಪ್ಪಿದ್ದರೆ ಅದು ಜ್ಞಾನಸ್ನಾನವೇ ಅಲ್ಲ, ಆಗ ಸಂಬಂಧವೂ ಇಲ್ಲ. ಹುಡುಗಿಗೆ ಹೊಸದಾಗಿ ಜ್ಞಾನಸ್ನಾನ ಕೊಟ್ಟು ಮದುವೆ ಮಾಡಬಹುದು. ಶನಿವಾರ ಸಾಕ್ಷಿ ವಿಚಾರಿಸುತ್ತೇನೆ ಎಂದರು.

ಹದಿನೇಳು ವರ್ಷ ಊರೆಲ್ಲ ಹೊಗಳಿದ್ದ ಕೆಲಸ ತಪ್ಪಾಗಿತ್ತು ಎಂದು ತೋರಿಸಲು ಈಗ ಊರೆಲ್ಲ ಹೊರಟಿತು. ಒಂಬತ್ತು ವರ್ಷದ ಹುಡುಗನಿಗೆ ಏನು ಗೊತ್ತಿರುತ್ತದೆ ಎಂದು ಒಬ್ಬರು. ಕೈ ನಡುಗಿ ನೀರೆಲ್ಲ ಕೆಳಗೆ ಬಿದ್ದಿರುತ್ತದೆ ಎಂದು ಇನ್ನೊಬ್ಬರು. ಇದರಿಂದ ನೊಂದವರು ಉಪದೇಶಿ ಲಾಜರಪ್ಪ ಒಬ್ಬರೇ. ನನ್ನ ಶಿಷ್ಯ ತಪ್ಪಿದನೆಂದರೆ ಕಲಿಸಿದವನು ನಾನಲ್ಲವೇ ಎಂದು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ರಾಯಪ್ಪ ಇನ್ನಾಸಪ್ಪನನ್ನು ಹೊಲಕ್ಕೇ ಹುಡುಕಿಕೊಂಡು ಬಂದು, ಜ್ಞಾಪಕ ಇಲ್ಲ ಎಂದರೂ ಸಾಕು ಎಂದು ಹೇಳಿಹೋದ. ಆ ಮೀಸೆಯ ಮನುಷ್ಯ ಯಾರ ಹತ್ತಿರವಾದರೂ ಬೇಡಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶುಕ್ರವಾರ ಸಂಜೆ ಎತ್ತುಗಳಿಗೆ ನೀರು ಕುಡಿಸಲು ನಾವಿಬ್ಬರೂ ರಾಯಪ್ಪನ ಬಾವಿಗೆ ಹೋದಾಗ ಲೂರ್ದಮ್ಮ ಬಿಂದಿಗೆ ಇಟ್ಟುಕೊಂಡು ನಿಂತಿದ್ದಳು. ನಾನಿದ್ದೇನೆ ಎಂದು ಸಂಕೋಚಪಡಲಿಲ್ಲ.

"ನಾಳೆ ಏನಂತ ಹೇಳ್ತೀಯ?"

"ಇದ್ದಿದ್ದು ಹೇಳ್ತೀನಿ," ಎಂದ ಇನ್ನಾಸಪ್ಪ.

"ಸರಿಯಾಗ್ ಹುಯ್ಲಿಲ್ಲ ಅಂತ ಹೇಳು. ಸಾಮಿ ಇನ್ನೊಂದ್ ಸಲ ಹುಯ್ತಾರೆ. ಒಂದ್ ಚೊಂಬು ನೀರಿಗೆ ನಂಗೇನ್ ನೆಗಡಿ ಆಗಲ್ಲ."

"ಜ್ಞಾನಸ್ನಾನನೇ ಆಗಿಲ್ಲ ಅಂದ್ರೆ, ನೀನು ಹತ್ತು ವರ್ಷದಿಂದ ಪೂಜೇಲಿ ತಗೊಂಡ ಸತ್ಪ್ರಸಾದ ಎಲ್ಲಾ ಸುಳ್ಳು ಅಂದಂಗಾಗ್ತದೆ."

"ಅಂದಂಗಾದ್ರೆ ಆಗ್ಲಿ. ತಗೊಂಡಿದ್ದು ಸರ್ವೇಶ್ವರನಿಗೆ ಗೊತ್ತಲ್ಲ. ಆವತ್ತು ಹುಯ್ವಾಗ ನನ್ ಕೇಳಿದ್ಯಾ? ಇವತ್ತು ಕೇಳ್ದಿದ್ರೂ ಹೇಳ್ತಾ ಇದ್ದೀನಿ. ಕಾಂಪೌಂಡರ ಜೊತೆ ಬಾಳೋಳು ನಾನು, ನೀನಲ್ಲ."

ಬಿಂದಿಗೆ ಎತ್ತಿಕೊಂಡು ಹೋದಳು. ಅವಳು ಅತ್ತಿದ್ದರೆ ಇನ್ನಾಸಪ್ಪನಿಗೆ ಸುಲಭವಾಗುತ್ತಿತ್ತು. ಎತ್ತು ಕುಡಿದು ಮುಗಿಸಿದ್ದೂ ಅವನಿಗೆ ತಿಳಿಯಲಿಲ್ಲ, ನಾನೇ ಹಗ್ಗ ಎಳೆದೆ.

ಶನಿವಾರ ಸ್ವಾಮಿಗಳ ಜಗಲಿಯಲ್ಲಿ ಮೇಜು, ಮೇಜಿನ ಮೇಲೆ ಶಿಲುಬೆ. ಹೊರಗೆ ಊರು. ಸ್ವಾಮಿಗಳು ಶಿಲುಬೆ ಮುಟ್ಟಿಸಿ ಇನ್ನಾಸಪ್ಪನನ್ನು ಕೇಳಿದರು. ನೀರು ಹುಯ್ಯುತ್ತಲೇ ಹೇಳಿದೆಯೋ, ಹುಯ್ದ ಮೇಲೆ ಹೇಳಿದೆಯೋ? ಎಷ್ಟು ಸಲ ಹುಯ್ದೆ? ಯಾವ ಮಾತು ಹೇಳಿದೆ? ರಾಯಪ್ಪ ಹೊರಗಿನಿಂದ ಕೆಮ್ಮಿದ. ಇನ್ನಾಸಪ್ಪ ತಲೆ ಬಗ್ಗಿಸಿಕೊಂಡು, ಹುಯ್ಯುತ್ತಲೇ ಹೇಳಿದೆ, ಮೂರು ಸಲ ಹುಯ್ದೆ ಎಂದ. ಮಾತುಗಳನ್ನೂ ಒಂದು ತಪ್ಪಿಲ್ಲದೆ ಒಪ್ಪಿಸಿದ. ನಪಾಸಾದರೆ ಸಾಕು ಎಂದು ಊರೇ ಬೇಡಿಕೊಂಡ ಪರೀಕ್ಷೆಯಲ್ಲಿ ಪಾಸಾದವನು ನನಗೆ ತಿಳಿದಂತೆ ಅವನೊಬ್ಬನೇ. ಉಪದೇಶಿ ಲಾಜರಪ್ಪ ಕಣ್ಣೊರೆಸಿಕೊಂಡರು. ರಾಯಪ್ಪ ಎದ್ದು ಟವೆಲ್ಲು ಕೊಡವಿದ.

ಆಗ ಆರೋಗ್ಯಮ್ಮಜ್ಜಿ ಕೂತಲ್ಲಿಂದಲೇ ಮಾತಾಡಿದಳು.

"ಅವನು ಸರಿಯಾಗೇ ಹುಯ್ದ ಸಾಮಿ. ಆದ್ರೆ ಅಷ್ಟೊತ್ಗೆ ಆಗೋಗಿತ್ತು."

"ಏನಾಗಿತ್ತು?"

"ಜ್ಞಾನಸ್ನಾನ. ನಾನೇ ಕೊಟ್ಟಿದ್ದೆ."

ಜ್ಞಾನಸ್ನಾನ ಒಬ್ಬರಿಗೆ ಒಂದೇ ಸಲ, ಅದು ಮೊದಲೇ ಆಗಿದ್ದರೆ ಇನ್ನಾಸಪ್ಪ ಹುಯ್ದದ್ದು ಬರೀ ನೀರು, ಸಂಬಂಧವೂ ಇಲ್ಲ. ಸ್ವಾಮಿಗಳು ಕುರ್ಚಿಯಿಂದ ಮುಂದಕ್ಕೆ ಬಾಗಿ, ಅಜ್ಜಿ, ಇದು ಪಾಪಸಂಕೀರ್ತನೆಯಲ್ಲಿ ಹೇಳುವ ಮಾತಾದರೆ ಗುಡಿಯೊಳಗೆ ಹೋಗೋಣ ಎಂದರು. ಅವಳ ಮಾನ ಉಳಿಸಲೆಂದೇ ಹೇಳಿದರು.

"ಅಲ್ಲಿ ಹೇಳಿದ್ದು ಅಲ್ಲೇ ಇರ್ತದಲ್ಲ ಸಾಮಿ. ನಂಗೆ ಈಚೆಗೆ ಬೇಕು," ಎಂದಳು ಅಜ್ಜಿ.

ಮೆಲ್ಲಗೆ, ಒಂದೊಂದೇ ಹೇಳಿದಳು. ಮಗು ನೀಲಿಗಟ್ಟಿದ್ದು ಕಂಡ ಕೂಡಲೇ ಸೂಲಗಿತ್ತಿಯರಿಗೆ ಹೇಳಿಕೊಟ್ಟ ಹಾಗೆ ತಾನೇ ನೀರು ಹುಯ್ದು ಮಾತು ಹೇಳಿದಳು. ಇಪ್ಪತ್ತು ಮಕ್ಕಳಿಗೆ ಹಾಗೆ ಕೊಟ್ಟಿದ್ದವಳು, ತಪ್ಪಲಿಲ್ಲ. ಆದರೆ ಅದು ಸ್ವಂತ ಮೊಮ್ಮಗು, ಹುಯ್ದರೂ ಅಳಲಿಲ್ಲ. ಎರಡನೆಯ ಸಲ ಆದರೆ ನಷ್ಟವಿಲ್ಲ ಎಂದು ಹುಡುಗನನ್ನು ಕರೆಸಿದಳು. ಹುಡುಗ ಹುಯ್ದ ಮೇಲೆ ಮಗು ಅತ್ತಿತು. ಮಾರನೆಯ ದಿನ ಹಳೆಯ ಸ್ವಾಮಿಗಳು ಬಂದು ಯಾರು ಕೊಟ್ಟದ್ದು ಎಂದು ಕೇಳಿದಾಗ, ಬಾಗಿಲ ಹತ್ತಿರ ಆ ಹುಡುಗ ಹರಿದ ಅಂಗಿಯಲ್ಲಿ ನಿಂತಿದ್ದ. ಇವನೇ ಎಂದುಬಿಟ್ಟಳು.

"ತಾಯಿಲ್ದ ಹುಡುಗ. ಅವನಮ್ಮ ನನ್ ಕೈಲೇ ಹೋಗಿದ್ದು, ಅವನನ್ನ ಹೆತ್ತು. ಈ ಮಗೂನ ಉಳಿಸಿದೋನು ಅಂತ ಹೆಸರಾದ್ರೆ ನಾಳೆ ಬಡವ ಅಂತ ಯಾರೂ ಬಾಗ್ಲಿಂದ ತಳ್ಳಕ್ಕಾಗಲ್ಲ ಅಂದ್ಕೊಂಡೆ. ಮಗ ಇಲ್ಲದ್ ಮನೇಗೆ ಮಗನಾಗ್ತಾನೆ ಅಂದ್ಕೊಂಡೆ."

ರಾಯಪ್ಪ ಒಳಗೆ ಬಂದಿದ್ದ. "ಅವ್ವಾ, ಆಗ ಹೇಳಿದ್ದು ಸುಳ್ಳೋ, ಈಗ ಹೇಳ್ತಾ ಇರೋದು ಸುಳ್ಳೋ? ಶಿಲುಬೆ ಮುಂದೆ ಇದೆ."

"ಆಗ ಹೇಳಿದ್ದು ಕಣಪ್ಪ," ಎಂದಳು ಅಜ್ಜಿ. "ಹದಿನೇಳು ವರ್ಷ."

ಅವಳು ನಿಜ ಹೇಳಿದ್ದಳು. ಅದು ನನಗೆ ಗೊತ್ತಿತ್ತು, ಹೇಗೆಂದರೆ ಆ ದಿನ ಇನ್ನಾಸಪ್ಪನ ಜೊತೆ ನಾನೂ ಓಡಿಹೋಗಿದ್ದೆ. ಹೊಸ್ತಿಲ ಹೊರಗೆ ನಿಂತು ಇಣುಕಿದ್ದೆ. ಅವನು ಚೊಂಬು ಎತ್ತುವುದಕ್ಕೆ ಮುಂಚೆಯೇ ಮಗುವಿನ ತಲೆಗೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಕೆಳಗೆ ನೆಲ ಒದ್ದೆಯಾಗಿತ್ತು. ನಾನು ಎದ್ದುನಿಂತು ಇದನ್ನು ಹೇಳಿದೆ. ಸ್ವಾಮಿಗಳು ಬರೆಯುತ್ತಿದ್ದ ಕೈ ನಿಲ್ಲಿಸಿ, ಹುಟ್ಟಿದ ಮಗು ಒದ್ದೆ ಇರದೆ ಒಣಗಿರುತ್ತದೆಯೇನಪ್ಪಾ ಎಂದು ಕೇಳಿದರು. ಹೊರಗೆ ಹೆಂಗಸರು ನಕ್ಕರು. ನಾನು ಕೂತೆ.

ಸ್ವಾಮಿಗಳ ಕಷ್ಟವೂ ನಿಜವೇ. ಈ ಮಾತು ಒಂದು ತಿಂಗಳ ಹಿಂದೆ ಬಂದಿದ್ದರೆ ನಂಬುತ್ತಿದ್ದೆ ಎಂದರು. ಬೇಕಾದ ಹೊತ್ತಿಗೆ ಬೇಕಾದ ಹಾಗೆ ಬಂದ ನಿಜವನ್ನು ಹೇಗೆ ತೆಗೆದುಕೊಳ್ಳಲಿ, ನಾಳೆ ಇವರ ಮದುವೆ ಮದುವೆಯಲ್ಲ ಎಂದಾದರೆ ಹುಟ್ಟುವ ಮಕ್ಕಳ ಗತಿ ಏನು ಎಂದರು. ಎಲ್ಲವನ್ನೂ ಬರೆದು ಮೇತ್ರಾಣಿಗಳಿಗೆ ಎರಡನೆಯ ಕಾಗದ ಕಳುಹಿಸಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದಳು.

ಊರಿನಲ್ಲಿ ನಂಬದವರು, ಮೊಮ್ಮಗಳ ಮದುವೆಗೆ ಶಿಲುಬೆ ಮುಂದೆ ಸುಳ್ಳು ಹೇಳಿದಳು ಮುದುಕಿ ಎಂದರು. ನಂಬಿದವರು, ಹಾಗಾದರೆ ಹದಿನೇಳು ವರ್ಷ ನಮಗೆಲ್ಲ ಸುಳ್ಳು ಹೇಳಿದಳು ಎಂದರು. ಎರಡರಲ್ಲೂ ಅವಳಿಗೆ ಸಿಕ್ಕಿದ್ದು ಒಂದೇ. ಮುಂದಿನ ಭಾನುವಾರ ಸ್ವಾಮಿಗಳು ಯಾರ ಹೆಸರೂ ಎತ್ತದೆ, ಹೆರಿಗೆಯಲ್ಲಿ ಅಪಾಯ ಕಂಡರೆ ಇನ್ನು ಮೇಲೆ ಇಬ್ಬರು ಇರಲಿ, ಒಬ್ಬರು ನೀರು ಹುಯ್ಯಲಿ, ಒಬ್ಬರು ನೋಡಲಿ ಎಂದು ಬುದ್ಧಿ ಹೇಳಿದರು. ಎಲ್ಲರೂ ಮುಂದಕ್ಕೇ ನೋಡುತ್ತಿದ್ದರು. ಅಜ್ಜಿಯನ್ನು ನೋಡಬಾರದೆಂದು ಅಷ್ಟು ಜನ ಒಟ್ಟಿಗೆ ಪ್ರಯತ್ನಪಟ್ಟರೆ ಅದೂ ಕಾಣುತ್ತದೆ.

ಅವಳು ಮಾತ್ರ ತನ್ನ ಆಸೆ ಬಿಡಲಿಲ್ಲ. ಅಂಚೆಯ ಆಂಜಿನಪ್ಪ ನಮ್ಮೂರಿಗೆ ಬರುತ್ತಿದ್ದದ್ದು ಮಂಗಳವಾರ, ಶುಕ್ರವಾರ. ಮದುವೆಯ ಪೂಜೆಯಲ್ಲಿ ಗಂಡು ಹೆಣ್ಣು ಸತ್ಪ್ರಸಾದ ತೆಗೆದುಕೊಳ್ಳುತ್ತಾರೆ, ಆ ಕಾಲದಲ್ಲಿ ಅದಕ್ಕೆ ನಡುರಾತ್ರಿಯಿಂದ ನೀರೂ ಮುಟ್ಟುವಂತಿರಲಿಲ್ಲ. ಕಾಗದ ಬಂದ ಗಳಿಗೆಯಲ್ಲೇ ಪೂಜೆಯಿಟ್ಟು ಮದುವೆ ಮಾಡಿಬಿಡಬೇಕು, ತಡವಾದರೆ ಬೂದಿ ಬುಧವಾರ ಬಂದುಬಿಡುತ್ತದೆ ಎಂದು ಅಜ್ಜಿ ವಾರಕ್ಕೆ ಎರಡು ದಿನ ಲೂರ್ದಮ್ಮನಿಗೂ ಇನ್ನಾಸಪ್ಪನಿಗೂ ಅಂಚೆಯವನು ಹಾದುಹೋಗುವವರೆಗೆ ಏನೂ ತಿನ್ನಗೊಡುತ್ತಿರಲಿಲ್ಲ. ಇನ್ನಾಸಪ್ಪ ಬರಿಹೊಟ್ಟೆಯಲ್ಲಿ ಉಳುತ್ತಿದ್ದ. ಆಂಜಿನಪ್ಪ ಬರಿಗೈಯಲ್ಲಿ ತಿರುಗಿದ ಮೇಲೆ ಅಂಬಲಿ ಬರುತ್ತಿತ್ತು. ಮುನಿವೆಂಕಟಪ್ಪನವರು, ನಿಮ್ಮಲ್ಲಿ ತಪಸ್ಸು ಇನ್ನೂ ಶುರುವಾಗಿಲ್ಲ ಅಂದ್ಕೊಂಡಿದ್ದೆನಲ್ಲ ಎಂದರು.

ಮಾರ್ಚಿ ಐದು, ಮಂಗಳವಾರ. ಮಾರನೆಯ ದಿನ ಬೂದಿ ಬುಧವಾರ. ರಾಯಪ್ಪ ಆಗಲೇ ಉಪದೇಶಿಗಳ ಕೈಲಿ ಕಾಂಪೌಂಡರಿಗೆ ಪತ್ರ ಬರೆಸಿದ್ದ. ಹತ್ತು ಗಂಟೆಯ ಬಿಸಿಲಿನಲ್ಲಿ ಆಂಜಿನಪ್ಪ ಬಂದು ಒಂದು ಉದ್ದನೆಯ ಲಕೋಟೆ ಸ್ವಾಮಿಗಳ ಕೈಗೆ ಕೊಟ್ಟ. ಅದರ ಮೇಲೆ ಮೂರು ಊರಿನ ಮುದ್ರೆ ಬಿದ್ದಿತ್ತು. ಸ್ವಾಮಿಗಳು ತಮ್ಮ ಮೊದಲ ಕಾಗದದಲ್ಲಿ ಲತೀನೆಲ್ಲ ಸರಿಯಾಗಿ ಬರೆದು, ನಮ್ಮ ತಾಲ್ಲೂಕಿನ ಹೆಸರು ಬರೆಯುವುದು ಮರೆತಿದ್ದರು. ಉತ್ತರದ ಕಾಗದ ನೆಲಮಂಗಲದ ಕಡೆಗೆಲ್ಲ ಪಾಳ್ಯಗಳನ್ನು ಹುಡುಕಿಕೊಂಡು ತಿರುಗಿ ಬಂದಿತ್ತು.

ಅಪ್ಪಣೆ ಸಿಕ್ಕಿತ್ತು. ಉಳಿದ ಎರಡು ಭಾನುವಾರ ಹೆಸರು ಓದುವುದನ್ನೂ ಮಾಫಿ ಮಾಡಿದ್ದರು. ಹೆಣ್ಣು ಗಂಡು ಇಬ್ಬರೂ ಹಸಿದು ಸಿದ್ಧವಾಗಿದ್ದರು. ಅಜ್ಜಿ, ಅನ್ನಮ್ಮ, ಉಪದೇಶಿ, ನಾನು, ಯಾರೂ ಏನೂ ಮುಟ್ಟಿರಲಿಲ್ಲ. ಸ್ವಾಮಿಗಳೊಬ್ಬರೇ ಬೆಳಗಿನ ಪೂಜೆ ಮುಗಿಸಿ ಉಪ್ಪಿಟ್ಟು ತಿಂದು ಕಾಫಿ ಕುಡಿದಿದ್ದರು. ಅವರು ಇನ್ನೊಂದು ಪೂಜೆ ಮಾಡುವಂತಿರಲಿಲ್ಲ. ಕಾನೂನು ಅವರ ಪುಸ್ತಕದಲ್ಲೇ ಇತ್ತು. ಕೆಂಪಗೆ ಮುಖ ಮಾಡಿಕೊಂಡು, ಈಗ ಮದುವೆಯಷ್ಟೇ ಮಾಡುತ್ತೇನೆ, ಪೂಜೆ ಆಶೀರ್ವಾದ ಪಾಸ್ಕ ಕಳೆದ ಮೇಲೆ ಎಂದರು. ಹನ್ನೊಂದು ಗಂಟೆಗೆ ಇನ್ನಾಸಪ್ಪ ಉಳುವ ಪಂಚೆ ಬದಲಾಯಿಸಿಕೊಂಡು ಬಂದು ತಾಳಿ ಕಟ್ಟಿದ. ಲೂರ್ದಮ್ಮ ನಕ್ಕಳೋ ಇಲ್ಲವೋ ಸೆರಗಿನಿಂದಾಗಿ ಕಾಣಲಿಲ್ಲ.

ಬುಧವಾರದಿಂದ ಮಾಂಸ ಮುಟ್ಟುವಂತಿಲ್ಲವಾದ್ದರಿಂದ ಎರಡು ಕುರಿಗಳನ್ನೂ ಅವತ್ತೇ ಮುಗಿಸಬೇಕಾಯಿತು. ನಲವತ್ತು ಮನೆಯಿಂದ ಆಗುವ ಕೆಲಸವಾಗಿರಲಿಲ್ಲ. ಒಕ್ಕಲಿಗರ ಹದಿನೈದು ಮನೆಯವರೂ ಬಂದು, ನಿಮ್ಮ ಉಪವಾಸಕ್ಕೆ ನಮ್ಮದೊಂದು ಸಹಾಯ ಎಂದು ಮುದ್ದೆ ಮುರಿದರು. ರಾಯಪ್ಪ ಎಲ್ಲರಿಗೂ ಬಡಿಸಿದ. ತಾಯಿಯ ಎಲೆಗೂ ಬಡಿಸಿದ, ಮಾತಾಡಿಸಲಿಲ್ಲ.

ಊಟವಾದ ಮೇಲೆ ಸ್ವಾಮಿಗಳು ನನ್ನನ್ನೂ ಉಪದೇಶಿಯನ್ನೂ ಕರೆದು ಕಾಗದ ತೋರಿಸಿದರು. ಓದಲು ನನಗೆ ಬರುವುದಿಲ್ಲ, ಅಂಕಿ ಬರುತ್ತದೆ. ಅದರ ಮೇಲಿದ್ದ ತಾರೀಖು ಫೆಬ್ರವರಿ ಹದಿನೈದು. ಅಜ್ಜಿ ಶಿಲುಬೆಯ ಮುಂದೆ ಬಾಯಿ ಬಿಟ್ಟದ್ದು ಹದಿನಾರು. ಅವಳ ಸಾಕ್ಷಿ ಯಾರೂ ಓದುವ ಮೊದಲೇ, ಅವಳು ಹೇಳುವ ಮೊದಲೇ, ಅಪ್ಪಣೆಗೆ ಮುದ್ರೆ ಬಿದ್ದಾಗಿತ್ತು. ಇದನ್ನು ಅಜ್ಜಿಗೆ ಹೇಳುವುದೋ ಬೇಡವೋ ಎಂದು ಸ್ವಾಮಿಗಳು ನಮ್ಮನ್ನು ಕೇಳಿದರು. ಪುಸ್ತಕ ನೋಡದೆ ಅವರು ಕೇಳಿದ ಪ್ರಶ್ನೆ ಅದೊಂದೇ. ಬೇಡ ಎಂದೆವು. ಉಪದೇಶಿಗಳು ಅವತ್ತು ಸಂಜೆಯೇ ತಮ್ಮ ಹೆಂಡತಿಗೆ ಹೇಳಿದರು, ಬೆಳಗಾಗುವಷ್ಟರಲ್ಲಿ ಅದು ಬಾವಿಕಟ್ಟೆಗೆ ಬಂದಿತ್ತು.

ಬೂದಿ ಬುಧವಾರ ಬೆಳಿಗ್ಗೆ ಎಲ್ಲರ ಹಣೆಗೂ ಬೂದಿ ಬಿತ್ತು. ಮಧ್ಯಾಹ್ನ ಉಪದೇಶಿಗಳ ಸೊಸೆಗೆ ನೋವು ಕಾಣಿಸಿಕೊಂಡಿತು. ಅಜ್ಜಿಯನ್ನೇ ಕರೆದರು. ಬೇರೆ ಯಾರಿದ್ದರು? ಅವಳು ಹೋದಾಗ ಮದಲೇನಮ್ಮ ಮೊದಲೇ ಬಂದು ಮೂಲೆಯಲ್ಲಿ ಕೂತಿದ್ದಳು. ಪಕ್ಕದಲ್ಲಿ ತಟ್ಟೆ ಮುಚ್ಚಿದ ಒಂದು ಚೊಂಬು ನೀರು. ಹೆರಿಗೆ ಸಲೀಸಾಗಿ ಆಯಿತು, ಗಂಡು ಮಗು, ಹುಟ್ಟಿದ ಕೂಡಲೇ ಊರು ಕೇಳುವ ಹಾಗೆ ಅತ್ತಿತು. ಅಷ್ಟು ಹೊತ್ತೂ ಮದಲೇನಮ್ಮ ಬಾಣಂತಿಯನ್ನು ನೋಡಲಿಲ್ಲ, ಮಗುವನ್ನೂ ನೋಡಲಿಲ್ಲ. ಅಜ್ಜಿಯ ಕೈಯನ್ನೇ ನೋಡುತ್ತಿದ್ದಳಂತೆ. ಅಜ್ಜಿ ಹೊಕ್ಕುಳು ಕತ್ತರಿಸಿ, ಮಗುವನ್ನು ಒರೆಸಿ, ಬಾಣಂತಿಯ ಪಕ್ಕ ಮಲಗಿಸಿ, ತನ್ನ ಕೈ ತೊಳೆದುಕೊಂಡು ಮನೆಗೆ ಬಂದಳು.

ಅವತ್ತೇ ಗಂಟು ಕಟ್ಟಿದಳು. ಅನುಗೊಂಡನಹಳ್ಳಿಯ ಹತ್ತಿರ ಅವಳ ಕಿರಿಯ ಮಗಳಿದ್ದಳು. ನಮ್ಮ ಮನೆಗೆ ಬಾ ಎಂದು ಲೂರ್ದಮ್ಮ ಕೈ ಹಿಡಿದಳು, ಇನ್ನಾಸಪ್ಪ ಗಾಡಿ ಹೂಡಲು ಒಪ್ಪಲಿಲ್ಲ. ಹೊಸ ಮನೆಗೆ ಹಳೇ ಮಾತು ಯಾಕೆ ಎಂದಳಂತೆ ಅಜ್ಜಿ. ರಾಯಪ್ಪ ಬಾಗಿಲಲ್ಲಿ ನಿಂತಿದ್ದ. ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಕೊನೆಗೆ ನನ್ನ ಗಾಡಿಯಲ್ಲೇ ದೊಡ್ಡಬಳ್ಳಾಪುರದವರೆಗೆ ಕರೆದುಕೊಂಡು ಹೋದೆ. ರೈಲು ಬರುವ ಹೊತ್ತಿಗೆ ಒಂದು ಸಲ, ಮದ್ವೆ ಆಯ್ತಲ್ಲ ಬಿಡು ಎಂದಳು.

ಆರೋಗ್ಯಮ್ಮಜ್ಜಿ ಊರು ಬಿಟ್ಟದ್ದು ಗುರುವಾರ, ಬೂದಿ ಬುಧವಾರದ ಮಾರನೆಯ ದಿನ.